ಸ್ವಂತ ಊರು: ಯಲ್ದೂರು

ಬೆಳಗಿನ ಐದೂಕಾಲು. ಚಿಟ್ಟೆ ಮನೆಯ ಬಾಗಿಲ ಹತ್ತಿರ ಶೋಭಾರಾಣಿ ಚಪ್ಪಲಿ ಕಳಚುತ್ತಾರೆ. ಔಷಧಿ ಬೆರೆಸಿದ ನೀರಿನಲ್ಲಿ ಪಾದ ಅದ್ದಿ, ಕೈ ತೊಳೆದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೊಬೈಲನ್ನು ಹೊರಗಿನ ಕಿಟಕಿಯ ಕಟ್ಟೆ ಮೇಲಿಟ್ಟು ಒಳಗೆ ಹೋಗುತ್ತಾರೆ. ದೀಪ ಹಾಕಿ ಸ್ವಲ್ಪ ಹೊತ್ತಿಗೆಲ್ಲ ತಟ್ಟೆಗಳಲ್ಲಿ ಸರಸರ ಸದ್ದು ಏಳುತ್ತದೆ. ರೇಷ್ಮೆ ಗೂಡಿನೊಳಗೆ ಮಲಗಿದ್ದ ಜೀವ ಚಿಟ್ಟೆಯಾಗಿ ಹೊರಬರುವ ಹೊತ್ತು ಅದು. ಗಂಡು ಚಿಟ್ಟೆ ಇದ್ದಲ್ಲೇ ರೆಕ್ಕೆ ಬಡಿಯುತ್ತ ಗಿರಕಿ ಹೊಡೆಯುತ್ತದೆ. ಹೆಣ್ಣಿಗೆ ಹೊಟ್ಟೆ ಭಾರ, ಅದು ಅಲುಗುವುದಿಲ್ಲ. ಒಂದು ತಳಿಯ ಗಂಡನ್ನು ಇನ್ನೊಂದು ತಳಿಯ ಹೆಣ್ಣಿನ ಪಕ್ಕ ಬಿಡಬೇಕು. ರೆಕ್ಕೆ ಮುದುಡಿದ್ದನ್ನು, ಮೈಯಲ್ಲಿ ಕಪ್ಪು ಕಲೆ ಇದ್ದದ್ದನ್ನು ಆಗಲೇ ಎತ್ತಿ ಬೇರೆ ಹಾಕಬೇಕು. ಬಿಸಿಲು ಏರುವಷ್ಟರಲ್ಲಿ ಐದು ಮಂದಿ ಹೆಂಗಸರ ಕೈಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜೋಡಿ ಆಗಿರುತ್ತವೆ.

“ಚಿಟ್ಟೆಗೆ ಭಾನುವಾರ ಅಂತಿಲ್ಲ, ಹಬ್ಬ ಅಂತಿಲ್ಲ. ಬೆಳಕು ಬಿತ್ತು ಅಂದ್ರೆ ಬಂದ್ಬಿಡ್ತವೆ. ನಾವು ಹತ್ತು ಗಂಟೆಗೆ ಆಫೀಸಿಗೆ ಬರ್ತೀವಿ ಅಂದ್ರೆ ಅವು ಕಾಯಲ್ಲ,” ಎನ್ನುತ್ತಾರೆ ಅವರು. ಮಾತಾಡುವಾಗಲೂ ಕಣ್ಣು ತಟ್ಟೆಯ ಮೇಲೆಯೇ.

ನಲವತ್ತಮೂರು ವರ್ಷದ ಶೋಭಾರಾಣಿ ಕೇಂದ್ರ ಸರ್ಕಾರದ ನೌಕರೆ. ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರವೊಂದರಲ್ಲಿ ತಾಂತ್ರಿಕ ಸಹಾಯಕಿ. ಕೇಂದ್ರ ಇರುವುದು ಗಡಿಯಾಚೆ, ರಾಯಲ್ಪಾಡು ದಾಟಿ ಮದನಪಲ್ಲಿ ಕಡೆಗೆ ಹೋಗುವ ರಸ್ತೆಯ ಒಂದು ಪುಟ್ಟ ಊರಿನಲ್ಲಿ. ಮನೆ ಇರುವುದು ಗಡಿಯ ಈಚೆ, ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ. ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ಅದರಲ್ಲಿ ಹದಿನಾರು ವರ್ಷ ಅವರು ಬೇರೆ ಬೇರೆ ರಾಜ್ಯದ ಕ್ವಾರ್ಟರ್ಸ್‌ಗಳಲ್ಲಿ ಕಳೆದಿದ್ದಾರೆ. ಮೊದಲು ಧರ್ಮಪುರಿ, ಆಮೇಲೆ ಎರಡು ವರ್ಷ ಬಂಗಾಳದ ಮಾಲ್ದಾ, ಈಗ ಇಲ್ಲಿ ಆರು ವರ್ಷದಿಂದ. ಮುಂದಿನ ವರ್ಗಾವಣೆ ಎಲ್ಲಿಗೋ ಗೊತ್ತಿಲ್ಲ. ಆ ಪತ್ರ ಯಾವಾಗ ಬೇಕಾದರೂ ಬರಬಹುದು ಎಂಬ ಅಳುಕು ಮಾತ್ರ ಪ್ರತಿ ಏಪ್ರಿಲ್‌ನಲ್ಲೂ ಇದ್ದೇ ಇರುತ್ತದೆ.

ಚಿಟ್ಟೆ ಮನೆಯ ಕೆಲಸ ಮುಗಿಸಿ ಹತ್ತು ಗಂಟೆಗೆ ಅವರು ಮೈಕ್ರೋಸ್ಕೋಪಿನ ಮುಂದೆ ಕೂರುತ್ತಾರೆ. ಅಸಲು ಕೆಲಸ ಅದೇ. ರೇಷ್ಮೆ ಹುಳುವಿಗೆ ಗಂಟು ರೋಗ ಎಂಬುದೊಂದಿದೆ. ತಾಯಿ ಚಿಟ್ಟೆಗೆ ಅದಿದ್ದರೆ ಮೊಟ್ಟೆಗೆ ಬರುತ್ತದೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಇಡೀ ಹುಳು ಮನೆಗೆ. ಆದ್ದರಿಂದ ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಗಳನ್ನು ಅರೆದು, ಸೋಸಿ, ಒಂದೊಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಬೇಕು. ದಿನಕ್ಕೆ ಇನ್ನೂರೈವತ್ತರಿಂದ ಮುನ್ನೂರು ಗಾಜು. ಒಂದು ಗಾಜಿನಲ್ಲಿ ಐದು ಕಡೆ ನೋಡಬೇಕು. ಹುಡುಕುವುದು ಮೊಟ್ಟೆಯಾಕಾರದ, ಫಳಕ್ಕನೆ ಹೊಳೆಯುವ ಒಂದು ಕಣವನ್ನು. ತಿಂಗಳುಗಟ್ಟಲೆ ಅದು ಸಿಗುವುದಿಲ್ಲ. ಸಿಗದೇ ಇರುವುದನ್ನು ಸಿಗುತ್ತದೆ ಎಂದುಕೊಂಡೇ ದಿನವೂ ಹುಡುಕಬೇಕು. ಸಂಜೆ ಅವರು ಸಹಿ ಹಾಕಿದ ಮೇಲೆ ಮೊಟ್ಟೆಗಳು ಮಾಲೂರು, ಮುಳಬಾಗಿಲು, ಕೋಲಾರದ ಕಡೆಯ ಚಾಕಿ ಕೇಂದ್ರಗಳಿಗೆ ಹೋಗುತ್ತವೆ. ಅಲ್ಲಿ ಮರಿ ಮಾಡಿದ ಹುಳುಗಳನ್ನು ರೈತರು ತಮ್ಮ ಮನೆಗೆ ಒಯ್ಯುತ್ತಾರೆ. ಆ ಮೊಟ್ಟೆ ಸರಿಯಿದೆಯೆಂದು ಹೇಳಿದ್ದು ಯಾರು ಎಂದು ಕೇಳಿದವರು ಇಲ್ಲಿವರೆಗೆ ಒಬ್ಬರೂ ಇಲ್ಲ.

ಯಲ್ದೂರಿನಲ್ಲಿ ಅವರ ಪತಿ ಕಾಂತರಾಜ್ ಕೂಡ ರೇಷ್ಮೆ ಹುಳು ಮೇಯಿಸುವವರೇ. ಎರಡು ಎಕರೆ ಹಿಪ್ಪುನೇರಳೆ ಇದೆ. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಅವರ ಎಡಗಾಲು ಸೊರಗಿದೆ, ಊರುಗೋಲು ಹಿಡಿದು ನಡೆಯುತ್ತಾರೆ. ಹುಳು ಮನೆ ಊರಿಂದ ಒಂದೂವರೆ ಕಿಲೋಮೀಟರ್ ದೂರ, ತೋಟದಲ್ಲಿ. ಸೊಪ್ಪು ಕುಯ್ಯಲು ಆಳುಗಳಿದ್ದಾರೆ. ಆದರೆ ದಿನಕ್ಕೆ ಮೂರು ಹೊತ್ತು ಹುಳುವಿನ ಮುಖ ನೋಡಬೇಕಾದವರು ಅವರೇ. ಅತ್ತ ಹೋಗುವ ಯಾರದಾದರೂ ಬೈಕಿನ ಹಿಂದೆ ಕೂತು ಹೋಗಬೇಕು, ಬರುವಾಗಲೂ ಹಾಗೆಯೇ. ಕಳೆದ ವರ್ಷ ಹುಳು ನಾಲ್ಕನೇ ಜ್ವರದಲ್ಲಿದ್ದಾಗ, ಅಂದರೆ ಕೊನೆಯ ಸಲ ಪೊರೆ ಬಿಡುವ ಹೊತ್ತಿನಲ್ಲಿ, ಒಂದು ಮಧ್ಯಾಹ್ನ ಬೈಕು ಸಿಗದೆ ನಡೆದು ಹೊರಟು ಕಾಲುವೆ ಪಕ್ಕ ಜಾರಿ ಬಿದ್ದರು. ಮುಕ್ಕಾಲು ಗಂಟೆ ಯಾರೂ ಆ ದಾರಿಯಲ್ಲಿ ಬರಲಿಲ್ಲ. ಈ ಸಂಗತಿಯನ್ನು ಅವರು ಹೆಂಡತಿಗೆ ಹೇಳಲಿಲ್ಲ. ಹತ್ತನೇ ತರಗತಿಯಲ್ಲಿರುವ ಮಗಳು ಮೇಘನ ಎರಡು ವಾರದ ಮೇಲೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದಳು.

ಅವತ್ತೇ ಶೋಭಾರಾಣಿ ಹಿಂದೆ ಎರಡು ಕಡೆ ಚಕ್ರ ಕೂಡಿಸಿದ ಸ್ಕೂಟರ್ ಕೊಳ್ಳಬೇಕೆಂದು ನಿರ್ಧರಿಸಿದರು. ಕಾಂತರಾಜ್ ಅವರ ಬಳಿ ಎರಡು ವರ್ಷದ ಹಿಂದೆಯೇ ಅಂಥ ಗಾಡಿ ಓಡಿಸುವ ಲೈಸೆನ್ಸ್ ಇತ್ತು. ಶ್ರೀನಿವಾಸಪುರದಲ್ಲಿ ಪರಿಚಯದ ಮೇಷ್ಟ್ರೊಬ್ಬರ ಗಾಡಿಯಲ್ಲಿ ಕಲಿತು, ಅದರಲ್ಲೇ ಪರೀಕ್ಷೆ ಕೊಟ್ಟು ಪಡೆದದ್ದು. ಗಾಡಿಯಿಲ್ಲದ ಲೈಸೆನ್ಸನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟುಕೊಂಡಿದ್ದರು.

ಫೆಬ್ರುವರಿ ಕೊನೆಯಲ್ಲಿ ಗಾಡಿ ಬಂತು. ಕೊಂಡದ್ದು ಕೆಲಸದ ಊರಿನ ಹತ್ತಿರ. ಅಲ್ಲಿ ಪಕ್ಕದ ಚಕ್ರ ಕೂಡಿಸುವ ಮೆಕ್ಯಾನಿಕ್ ಒಬ್ಬನ ಕೆಲಸವನ್ನು ಶೋಭಾರಾಣಿ ಕಣ್ಣಾರೆ ನೋಡಿದ್ದರು. ಸಂಬಳದಿಂದ ಕೊಂಡದ್ದರಿಂದ ಕಾಗದವೆಲ್ಲ ಅವರ ಹೆಸರಿನಲ್ಲೇ ಆಯಿತು. ಆದರೆ ಗಾಡಿ ಇರುವುದು, ಓಡುವುದು ಯಲ್ದೂರಿನಲ್ಲಿ. ಆದ್ದರಿಂದ ತಾತ್ಕಾಲಿಕ ನೋಂದಣಿ ಮಾತ್ರ ಮಾಡಿಸಿಕೊಂಡು, ಕಾಯಂ ನೋಂದಣಿಯನ್ನು ಕೋಲಾರದಲ್ಲಿ ಮಾಡಿಸುವುದೆಂದು ಗೊತ್ತು ಮಾಡಿದರು. ಆಂಧ್ರದ ನಂಬರ್ ಹಾಕಿಸಿದರೆ ಇಲ್ಲಿ ಕಂಡ ಕಂಡಲ್ಲಿ ನಿಲ್ಲಿಸಿ ಕೇಳುತ್ತಾರೆ, ಊರುಗೋಲು ಕೈಗೆತ್ತಿಕೊಂಡು ಇಳಿದು ಕಾಗದ ತೋರಿಸುವ ಪಾಡು ಗಂಡನಿಗೆ ಯಾಕೆ ಎಂಬುದು ಒಂದು ಯೋಚನೆ. ನಾಳೆ ತಮ್ಮನ್ನು ಅಸ್ಸಾಮಿಗೋ ಇನ್ನೆಲ್ಲಿಗೋ ಹಾಕಿದರೆ ಆ ನಂಬರಿನ ಗಾಡಿಯ ಕಾಗದಕ್ಕೆ ಆಂಧ್ರಕ್ಕೆ ಯಾರು ಓಡಾಡುವುದು ಎಂಬುದು ಇನ್ನೊಂದು.

ತಾತ್ಕಾಲಿಕ ನೋಂದಣಿಯ ಅವಧಿ ಒಂದು ತಿಂಗಳು. ಚಕ್ರ ಕೂಡಿಸಲು ಹದಿನೈದು ದಿನ ಹೋಯಿತು. ಆಮೇಲೆ ಒಂದರ ಹಿಂದೊಂದು ಚಿಟ್ಟೆಯ ತಂಡ, ರಜೆ ಸಿಗಲಿಲ್ಲ. ಕೊನೆಗೆ ಒಂದು ಸೋಮವಾರ ರಜೆ ದೊರೆತಾಗ ಉಳಿದದ್ದು ಐದೇ ದಿನ. ಶುಕ್ರವಾರ ಗಡುವು.

ಭಾನುವಾರ ಅವರು ಆ ಗಾಡಿಯನ್ನು ತಾವೇ ಓಡಿಸಿಕೊಂಡು ಊರಿಗೆ ಹೊರಟರು. ಸ್ಕೂಟರ್ ಕಲಿತು ಆಗ ಇನ್ನೂ ನಾಲ್ಕು ತಿಂಗಳು. ಟೊಮೆಟೊ ಲಾರಿ ಹಿಂದಿನಿಂದ ಹಾರನ್ ಹೊಡೆದಾಗಲೆಲ್ಲ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತರು. ಗಡಿ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಾಕಿ, ಕಾಗದದ ಮೇಲಿನ ತಾರೀಖು ನೋಡಿ, ಇನ್ನು ನಾಲ್ಕೈದೇ ದಿನ ಇದೆಯಲ್ಲಮ್ಮ ಎಂದು ತೆಲುಗಿನಲ್ಲಿ ಹೇಳಿ ಬಿಟ್ಟರು. ಆ ಮಾತು ಯಲ್ದೂರು ಮುಟ್ಟುವ ತನಕ ಅವರ ಕಿವಿಯಲ್ಲೇ ಇತ್ತು.

ಮಾರನೆಯ ದಿನ ಪತಿಯನ್ನು ಹಿಂದೆ ಕೂರಿಸಿಕೊಂಡು ಕೋಲಾರಕ್ಕೆ ಹೋದರು. ಓಡಿಸುತ್ತೇನೆ ಎಂದು ಕಾಂತರಾಜ್ ಎರಡು ಸಲ ಕೇಳಿದರು. ಹೈವೇ ಮೇಲೆ ಬೇಡ ಎಂದು ಶೋಭಾರಾಣಿ ಕೊಡಲಿಲ್ಲ. ಆರ್‌ಟಿಒ ಕಚೇರಿಯ ಕೌಂಟರಿನಲ್ಲಿದ್ದ ಗಂಗಾಲಕ್ಷ್ಮಿ ಎಂಬ ಗುಮಾಸ್ತೆ ಎಲ್ಲ ಕಾಗದವನ್ನೂ ನಿಧಾನವಾಗಿ ತಿರುವಿ ನೋಡಿ, ಆಧಾರ್ ಕಾರ್ಡಿನ ಮೇಲೆ ಬೆರಳಿಟ್ಟರು. ಅದರಲ್ಲಿದ್ದ ವಿಳಾಸ ಆಂಧ್ರದ ಕ್ವಾರ್ಟರ್ಸಿನದು. ಆರು ವರ್ಷದ ಹಿಂದೆ ಗ್ಯಾಸ್ ಸಂಪರ್ಕಕ್ಕಾಗಿ ಶೋಭಾರಾಣಿಯೇ ಬದಲಾಯಿಸಿಕೊಂಡದ್ದು, ಆಮೇಲೆ ಮರೆತೇ ಹೋಗಿತ್ತು. ಗಾಡಿಯ ಒಡತಿ ವಾಸವಿರುವುದು ಅಲ್ಲಿ ಎಂದು ಇವರ ಕಾಗದವೇ ಹೇಳುತ್ತಿರುವಾಗ ಇಲ್ಲಿ ಹೇಗೆ ನೋಂದಾಯಿಸುವುದು ಎಂದು ಗಂಗಾಲಕ್ಷ್ಮಿ ಕೇಳಿದರು. ಶೋಭಾರಾಣಿ ಕಾಗದಗಳನ್ನು ಮತ್ತೆ ಕವರಿಗೆ ಹಾಕಿಕೊಂಡರು.

ಹೊರಗೆ ಹುಣಸೆ ಮರದ ಕೆಳಗೆ ಮೇಜು ಹಾಕಿಕೊಂಡಿದ್ದ ನರೇಶ್ ಎಂಬ ಏಜೆಂಟ್ ಇವರ ಮುಖ ನೋಡಿಯೇ ಅರ್ಥ ಮಾಡಿಕೊಂಡ. ಅವನ ದಾರಿ ಸುಲಭದ್ದು. ಕೋಲಾರದ ಯಾವುದಾದರೂ ಮನೆಯಲ್ಲಿ ಶೋಭಾರಾಣಿ ಬಾಡಿಗೆಗೆ ಇದ್ದಾರೆ ಎಂದು ಒಂದು ಕರಾರು ಪತ್ರ ಮಾಡಿಸಿದರೆ ಸಾಕು.

“ಇದ್ರಲ್ಲಿ ಮೋಸ ಏನಿಲ್ಲ ಮೇಡಂ. ನಿಮ್ಮೂರು ಇದೇ ಜಿಲ್ಲೆ ತಾನೆ. ನೀವೊಂದು ಸೈನ್ ಹಾಕಿ, ಸಂಜೆಗೆ ಮುಗ್ದೋಗ್ತದೆ,” ಎಂದ.

ಅವನು ಕೊಟ್ಟ ಕಾಗದವನ್ನು ಶೋಭಾರಾಣಿ ಓದಿದರು. ನಾನು ಈ ಮನೆಯಲ್ಲಿ ವಾಸವಿದ್ದೇನೆ ಎಂಬ ಸಾಲಿನ ಕೆಳಗೆ ಖಾಲಿ ಜಾಗ. ಅವರು ಕಂಡೇ ಇರದ ಮನೆ. ಕಾಗದ ವಾಪಸ್ ಕೊಟ್ಟು ಬೇಡ ಎಂದರು. ಸರ್ಕಾರಿ ಕೆಲಸದಲ್ಲಿದ್ದು ಸುಳ್ಳು ಬರೆದು ಸಿಕ್ಕಿಬಿದ್ದರೆ ಎಂಬ ಭಯ ಒಂದು ಕಡೆ ಇತ್ತು, ಅದನ್ನು ಅವರು ಮುಚ್ಚಿಡುವುದಿಲ್ಲ. “ಆದ್ರೆ ಅದಷ್ಟೇ ಅಲ್ಲ. ನಾನು ದಿನಾ ಸಂಜೆ ಸೈನ್ ಹಾಕ್ತೀನಿ. ಅದನ್ನ ನಂಬ್ಕೊಂಡು ಮಾಲೂರಲ್ಲಿ ಯಾರೋ ಗೊತ್ತಿಲ್ದೋರು ಹುಳು ಇಳಿಸ್ಕೊತಾರೆ. ಒಂದು ಕಡೆ ಸುಳ್ಳಿಗೆ ಹಾಕಿದ ಕೈಯಲ್ಲಿ ಇನ್ನೊಂದು ಕಡೆ ಹಾಕೋದು ನನಗೆ ಆಗಲ್ಲ,” ಎನ್ನುತ್ತಾರೆ.

ಇಬ್ಬರೂ ವಾಪಸ್ ಹೊರಟರು. ಶ್ರೀನಿವಾಸಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಕಾಂತರಾಜ್ ಲೋಟದ ಕಡೆ ನೋಡುತ್ತ ಹೇಳಿದರು: “ನಿನ್ನ ನಿಯತ್ತು ಆ ಗಾಜಿನ ಮೇಲಿರ್ಲಿ ಶೋಭಾ. ನನ್ನ ಕಾಲಿನ ಮೇಲೆ ಯಾಕೆ?”

ಇಪ್ಪತ್ತು ವರ್ಷದಲ್ಲಿ ಅವರು ತಮ್ಮ ಕಾಲಿನ ಮಾತು ಎತ್ತಿ ಹೆಂಡತಿಯನ್ನು ನೋಯಿಸಿದ್ದು ಅದೊಂದೇ ಸಲ. ಶೋಭಾರಾಣಿ ಟೀ ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿದರು. ಅಂದೇ ಸಂಜೆಯ ಬಸ್ಸಿಗೆ ಕೆಲಸದ ಊರಿಗೆ ಹೊರಟಾಗ ಗಾಡಿಗೆ ಹಳೇ ಸೀರೆ ಹೊದಿಸಿ ಬಂದರು. ಹೋಗಿ ಬರುತ್ತೇನೆ ಎಂದರು ಶೋಭಾರಾಣಿ, ಹುಷಾರು ಎಂದರು ಕಾಂತರಾಜ್.

ಆದರೆ ಸೋಮವಾರ ಶೋಭಾರಾಣಿ ಕೌಂಟರಿನಿಂದ ಎದ್ದು ಬರುವಾಗ ಗಂಗಾಲಕ್ಷ್ಮಿ ಒಂದು ಮಾತು ಹೇಳಿ ಕಳಿಸಿದ್ದರು. ಸರ್ಕಾರಿ ನೌಕರರ ಸೇವಾ ಪುಸ್ತಕದಲ್ಲಿ ಸ್ವಂತ ಊರು ಎಂಬ ಕಾಲಂ ಇರುತ್ತದಲ್ಲ. ಕೆಲಸದ ಮೇಲೆ ಹೊರಗಿದ್ದಾರೆ, ಕಾಯಂ ವಿಳಾಸ ಇಂಥದ್ದು ಎಂದು ಆ ಪುಸ್ತಕ ನೋಡಿ ಇಲಾಖೆಯವರು ಪತ್ರ ಕೊಟ್ಟರೆ, ಯಲ್ದೂರಿನ ಮನೆಯ ಕಾಗದದ ಜೊತೆ ಅದನ್ನು ಸಾಹೇಬರ ಮುಂದೆ ಇಡಬಹುದು. ಆಗುತ್ತದೆ ಎಂದು ಅವರು ಮಾತು ಕೊಡಲಿಲ್ಲ. ಇಟ್ಟು ನೋಡೋಣ ಎಂದರು ಅಷ್ಟೆ.

ಮಂಗಳವಾರ ಬೆಳಗ್ಗೆ ಚಿಟ್ಟೆ ಮನೆಯಿಂದ ಹೊರಬಂದ ಕೂಡಲೇ ಶೋಭಾರಾಣಿ ತಮ್ಮ ಮೇಲಧಿಕಾರಿ ಅಮರನಾಥ್ ಅವರಿಗೆ ಫೋನ್ ಮಾಡಿದರು. ಸೇವಾ ಪುಸ್ತಕಗಳಿರುವುದು ಮದನಪಲ್ಲಿಯ ಅವರ ಕಚೇರಿಯಲ್ಲಿ. ಬುಧವಾರ ನಾಲ್ಕು ಗಂಟೆಗೆ ಕೇಂದ್ರದಿಂದ ಹೊರಡುವ ವ್ಯಾನಿನಲ್ಲಿ ಬಂದರೆ ಪುಸ್ತಕ ನೋಡಿ ಪತ್ರ ಕೊಡುತ್ತೇನೆ, ಗುರುವಾರದಿಂದ ನಾನು ಪ್ರವಾಸದಲ್ಲಿರುತ್ತೇನೆ ಎಂದರು ಅವರು. ಶುಕ್ರವಾರದ ಗಡುವಿಗೆ ಅದೊಂದೇ ಸಂದು.

ಬುಧವಾರ ಮಧ್ಯಾಹ್ನ ಮೂರೂವರೆಗೆ ಗಾಜುಗಳೆಲ್ಲ ಮುಗಿದವು. ಬ್ಯಾಗು ಸಿದ್ಧವಾಗಿತ್ತು. ಪರೀಕ್ಷೆಯ ಪುಸ್ತಕದಲ್ಲಿ ಫಲಿತಾಂಶ ಬರೆದು ಸಹಿ ಹಾಕಲು ಪೆನ್ನು ತೆಗೆದಾಗ ಅವರ ಕೈ ನಿಂತಿತು. ಕೊನೆಯ ನಲವತ್ತು ಗಾಜುಗಳನ್ನು ತಾನು ನೋಡಿದ್ದು ಹೌದು, ಏನು ಕಂಡೆ ಎಂದು ನೆನಪಿಗೆ ಬರುತ್ತಿಲ್ಲ. ಕಣ್ಣು ಅಲ್ಲಿತ್ತು, ಮನಸ್ಸು ವ್ಯಾನಿನಲ್ಲಿತ್ತು. ಎಲ್ಲದರ ಮುಂದೆಯೂ ರೋಗವಿಲ್ಲ ಎಂದು ಗುರುತು ಹಾಕಿಯಾಗಿತ್ತು, ಅಕ್ಷರ ತಮ್ಮದೇ. ಬೇರೆ ಯಾರಿಗೂ ಇದು ಗೊತ್ತಾಗುವಂತಿರಲಿಲ್ಲ.

ಚಿಟ್ಟೆ ಮನೆಯಲ್ಲಿ ಕೂಲಿಗೆ ಬರುವ ರಾಯಲ್ಪಾಡಿನ ಕದಿರಮ್ಮ ಬಾಗಿಲಲ್ಲಿ ನಿಂತು ವ್ಯಾನ್ ಬಂತೆಂದು ಕರೆದರು. ಶೋಭಾರಾಣಿ ಎದ್ದರು, ಮತ್ತೆ ಕೂತರು. ಡ್ರೈವರಿಗೆ ಹೋಗಲು ಹೇಳು ಎಂದು ಕದಿರಮ್ಮನಿಗೆ ಹೇಳಿದರು. ವ್ಯಾನ್ ಗೇಟು ದಾಟುವ ಸದ್ದು ಕೇಳಿಸಿತು. ಶೋಭಾರಾಣಿ ಮುಖ ತೊಳೆದು ಬಂದು, ನಲವತ್ತು ಗಾಜುಗಳನ್ನು ಮೊದಲಿಂದ ನೋಡಲು ಶುರು ಮಾಡಿದರು. ಅದಕ್ಕೂ ಮುಂಚೆ ಅಮರನಾಥ್ ಅವರಿಗೆ ಫೋನ್ ಮಾಡಿ, ಯಾಕೆ ಬರಲಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಅತ್ತ ಕಡೆಯಿಂದ ಸರಿ ಎಂಬ ಒಂದು ಮಾತು ಬಂತು, ಲೈನು ಕಟ್ಟಾಯಿತು. ಸಿಟ್ಟಾದರೋ, ಏನು ಅಂದುಕೊಂಡರೋ ತಿಳಿಯಲಿಲ್ಲ.

ಒಂದೊಂದನ್ನೂ ನಿಧಾನವಾಗಿ ನೋಡಿದ್ದರಿಂದ ಎರಡು ಗಂಟೆ ಹಿಡಿಯಿತು. ನಲವತ್ತು ಗಾಜಿನಲ್ಲೂ ಏನೂ ಇರಲಿಲ್ಲ.

“ಎಲ್ಲ ಸರಿಯಾಗೇ ಇತ್ತಲ್ಲ, ಸುಮ್ನೆ ವ್ಯಾನ್ ಬಿಟ್ಟೆ ಅಂತ ಆಮೇಲೆ ಹೊಟ್ಟೆ ಉರೀತು. ಸುಳ್ಳು ಯಾಕೆ ಹೇಳ್ಲಿ,” ಎಂದು ನಗುತ್ತಾರೆ ಶೋಭಾರಾಣಿ. “ಆದ್ರೆ ನೋಡೋ ತನಕ ಸರಿಯಾಗಿತ್ತು ಅಂತ ನನಗೆ ಗೊತ್ತಿರ್ಲಿಲ್ವಲ್ಲ.”

ಗುರುವಾರ ಬೆಳಗ್ಗೆ ಏಳು ಗಂಟೆಗೆ ಕೇಂದ್ರದ ಮುಂದೆ ಜೀಪು ನಿಂತಿತು. ಪ್ರವಾಸಕ್ಕೆ ಹೊರಟಿದ್ದ ಅಮರನಾಥ್ ಇಪ್ಪತ್ತು ಕಿಲೋಮೀಟರ್ ಸುತ್ತು ಹಾಕಿಕೊಂಡು ಬಂದಿದ್ದರು. ಕಂಕುಳಲ್ಲಿ ಸೇವಾ ಪುಸ್ತಕ. ಚಿಟ್ಟೆ ಮನೆಯ ಹೊರಗೆ ನಿಂತು ಅವರು ಮೊದಲು ಕೇಳಿದ್ದು ಆ ನಲವತ್ತು ಏನಾಯಿತು ಎಂದು. ಎಲ್ಲ ಶುದ್ಧ ಸರ್ ಎಂದಾಗ ತಲೆಯಾಡಿಸಿದರು. ಜೀಪಿನ ಬಾನೆಟ್ ಮೇಲೆ ಪುಸ್ತಕ ಬಿಚ್ಚಿಟ್ಟರು. ಹದಿನಾರು ವರ್ಷದ ಹಿಂದೆ ಶೋಭಾರಾಣಿಯ ಕೈಯಲ್ಲೇ ಬರೆಸಿದ್ದ ಸಾಲು ಅಲ್ಲಿತ್ತು. ಸ್ವಂತ ಊರು: ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ. ಶಾಯಿ ಸ್ವಲ್ಪ ಕಂದಿತ್ತು. ಪತ್ರ ಟೈಪಾಗಿ ಬಂದಿತ್ತು, ಅಲ್ಲೇ ಸಹಿ, ಮೊಹರು ಬಿತ್ತು.

ಪತ್ರವೇನೋ ಸಿಕ್ಕಿತು, ರಜೆ ಸಿಗುವಂತಿರಲಿಲ್ಲ. ಶುಕ್ರವಾರ ಆ ತಿಂಗಳ ದೊಡ್ಡ ತಂಡದ ಚಿಟ್ಟೆ ಬರುವ ದಿನ, ಗಾಜು ನೋಡಲು ಕೇಂದ್ರದಲ್ಲಿ ಇನ್ನೊಬ್ಬರಿಲ್ಲ. ಅರ್ಜಿಗೆ ಸೋಮವಾರವೇ ಸಹಿ ಹಾಕಿ ಯಲ್ದೂರಿನಲ್ಲಿ ಬಿಟ್ಟು ಬಂದಿದ್ದರು. ಬಾಕಿ ಇದ್ದದ್ದು ಪತ್ರ ಮತ್ತು ಗಾಡಿ ಎರಡೂ ಕೋಲಾರ ತಲುಪುವುದು. ಕದಿರಮ್ಮ ಅಂದು ಮಧ್ಯಾಹ್ನ ಕೆಲಸ ಮುಗಿಸಿ, ರಾಯಲ್ಪಾಡಿನಲ್ಲಿ ತಮ್ಮ ಮನೆಗೆ ಇಳಿಯದೆ ಅದೇ ದಾರಿಯಲ್ಲಿ ಮುಂದೆ ಹೋಗಿ, ಬಸ್ಸು ಬದಲಾಯಿಸಿ, ಯಲ್ದೂರಿನಲ್ಲಿ ಕಾಂತರಾಜ್ ಅವರ ಕೈಗೆ ಲಕೋಟೆ ಕೊಟ್ಟು ಬಂದರು. ಗಾಡಿಯನ್ನು ಯಾರಿಂದ ಓಡಿಸಿಕೊಂಡು ಹೋಗುತ್ತೀರಿ ಎಂದು ಶೋಭಾರಾಣಿ ಫೋನಿನಲ್ಲಿ ಕೇಳಿದಾಗ, ಲೈಸೆನ್ಸ್ ಇರುವುದು ಯಾರ ಹತ್ತಿರ ಎಂದು ಕಾಂತರಾಜ್ ತಿರುಗಿ ಕೇಳಿದರು. ಲಾರಿ ಬಂದರೆ ಪಕ್ಕಕ್ಕೆ ನಿಲ್ಲಿ ಎಂದರು ಶೋಭಾರಾಣಿ.

ಶುಕ್ರವಾರ ಬೆಳಗ್ಗೆ ಆರೂವರೆಗೆ ಕಾಂತರಾಜ್ ಊರುಗೋಲನ್ನು ಗಾಡಿಯ ಪಕ್ಕಕ್ಕೆ ಹಗ್ಗದಿಂದ ಕಟ್ಟಿ ಒಬ್ಬರೇ ಹೊರಟರು. ಮೂವತ್ತು ಕಿಲೋಮೀಟರಿನ ಆಸುಪಾಸು. ಅದೇ ಹೊತ್ತಿನಲ್ಲಿ ಶೋಭಾರಾಣಿ ಚಿಟ್ಟೆ ಮನೆಯೊಳಗಿದ್ದರು. ಫೋನು ಕದಿರಮ್ಮನ ಹತ್ತಿರ. ಆ ದಿನ ಕದಿರಮ್ಮನಿಗೆ ಹೊರಗಿನ ಕೆಲಸ ಕೊಟ್ಟಿದ್ದು ಅದಕ್ಕೇ. ಕೋಲಾರದ ಟೊಮೆಟೊ ಮಂಡಿಗೆ ಹೋಗುವ ಲಾರಿಗಳು ರಸ್ತೆಯಲ್ಲಿ ಸಾಲುಗಟ್ಟುವ ಹೊತ್ತು ಅದು ಎಂದು ಶೋಭಾರಾಣಿಗೆ ಗೊತ್ತಿತ್ತು. ಚಿಟ್ಟೆ ಎತ್ತುತ್ತಿದ್ದ ಬೆರಳಿಗೆ ಏನೂ ಗೊತ್ತಾಗದ ಹಾಗೆ ಕೆಲಸ ಮಾಡಬೇಕಿತ್ತು. ಬಿಗಿಯಾಗಿ ಹಿಡಿದರೆ ಚಿಟ್ಟೆ ಸಾಯುತ್ತದೆ. ಎಂಟು ಗಂಟೆಗೆ ಕದಿರಮ್ಮ ಕಿಟಕಿ ಹತ್ತಿರ ಬಂದು ಶ್ರೀನಿವಾಸಪುರ ದಾಟಿದರಂತೆ ಎಂದರು. ಆಮೇಲೆ ಹತ್ತೂವರೆ ತನಕ ಸುದ್ದಿಯಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂರುವಾಗ ಶೋಭಾರಾಣಿ, ಬಿದ್ದಿದ್ದರೆ ಇಷ್ಟರಲ್ಲಿ ಯಾರಾದರೂ ಫೋನ್ ಮಾಡಿರುತ್ತಿದ್ದರು ಎಂದು ತಮಗೆ ತಾವೇ ಹೇಳಿಕೊಂಡರು. ಪ್ರತಿ ಗಾಜಿಗೂ ಏನು ಕಂಡೆ ಎಂದು ಅಂದು ಬಾಯಿ ಬಿಟ್ಟು ಹೇಳಿಕೊಂಡೇ ಬರೆದರು, ಬುಧವಾರದ ಹಾಗೆ ಆಗದಿರಲಿ ಎಂದು.

ಕಾಂತರಾಜ್ ದಾರಿಯಲ್ಲಿ ಮೂರು ಕಡೆ ನಿಂತಿದ್ದರಂತೆ. ಒಮ್ಮೆ ಲಾರಿಗೆ ಹೆದರಿ, ಇನ್ನೊಮ್ಮೆ ಕೈ ಮರಗಟ್ಟಿ. ಮೂರನೇ ಸಲ ಯಾಕೆ ನಿಂತಿರಿ ಎಂದು ಕೇಳಿದರೆ ಅವರು ಬೇರೆ ಕಡೆ ನೋಡುತ್ತಾರೆ. “ಸುಮ್ನೆ. ಇಷ್ಟು ದೂರ ನಾನೇ ಬಂದಿದೀನಿ ಅಂತ ತಿರುಗಿ ರಸ್ತೆ ನೋಡಣ ಅನ್ನಿಸ್ತು,” ಎಂದರು.

ಕಚೇರಿಯಲ್ಲಿ ಗಂಗಾಲಕ್ಷ್ಮಿ ಪತ್ರ ಓದಿ, ಮನೆಯ ಕಾಗದದ ಜೊತೆ ಸೇರಿಸಿ ಒಳಗೆ ಒಯ್ದರು. ಅರ್ಧ ಗಂಟೆ ಕಾಯಿಸಿ ಹೊರಗೆ ಬಂದವರು ಗಾಡಿ ತೋರಿಸಿ ಎಂದರು. ಗಾಡಿಯ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕಿತ್ತು, ಅದಕ್ಕೆ ನೆಲಕ್ಕೆ ಬಗ್ಗಬೇಕು. ಹುಣಸೆ ಮರದ ಕೆಳಗಿನ ನರೇಶ್ ತಾನಾಗಿಯೇ ಎದ್ದು ಬಂದು, ಮಣ್ಣಿನಲ್ಲಿ ಮಲಗಿ ಅಚ್ಚು ತೆಗೆದುಕೊಟ್ಟ. 

ಗಾಡಿಯ ಒಡತಿಯ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಹತ್ತು ನಿಮಿಷದೊಳಗೆ ಹೇಳಬೇಕು. ಮೊದಲ ಸಲ ಸಂಖ್ಯೆ ಬಂದಾಗ ಕದಿರಮ್ಮ ತಟ್ಟೆ ತೊಳೆಯುವ ತೊಟ್ಟಿಯ ಹತ್ತಿರ ಇದ್ದರು. ಕೈ ಒರೆಸಿಕೊಂಡು ನೋಡುವಷ್ಟರಲ್ಲಿ ಹೊತ್ತು ಮೀರಿತ್ತು. ಎರಡನೇ ಸಲ ಬಂದಾಗ ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಒಂದೊಂದೇ ಅಂಕಿಯನ್ನು ತೆಲುಗಿನಲ್ಲಿ ಕಾಂತರಾಜ್‌ಗೆ ಹೇಳಿದರು. ಅದು ಸರಿಹೋಯಿತು ಎಂದು ಅತ್ತಲಿಂದ ಕೇಳಿದ ಮೇಲೆ ಮೈಕ್ರೋಸ್ಕೋಪಿನ ಕೋಣೆಯ ಕಿಟಕಿಗೆ ಬಂದು, “ಏಮೀ ಕಾಲೇದಮ್ಮಾ, ಏನೂ ತೊಂದ್ರೆ ಆಗಿಲ್ಲ, ಎಲ್ಲಾ ಆಯ್ತು. ನೀ ನೋಡ್ಕೋ ನಿನ್ ಕೆಲ್ಸ,” ಎಂದರು.

ಎಲ್ಲಾ ಆಗಿರಲಿಲ್ಲ. ಪಕ್ಕದ ಚಕ್ರಗಳ ಬೋಲ್ಟುಗಳನ್ನು ಇನ್ಸ್‌ಪೆಕ್ಟರ್ ಒಂದೊಂದಾಗಿ ಅಲುಗಿಸಿ ನೋಡಿದರು. ಅಂಗಳದಲ್ಲಿ ಎರಡು ಸುತ್ತು ಹಾಕಿಸಿದರು. ಮೂರು ಗಂಟೆ ದಾಟಿದ ಮೇಲೆ, ನಂಬರ್ ಇನ್ನೆರಡು ದಿನದಲ್ಲಿ ಬರುತ್ತದೆ, ಕಡತ ಮಂಜೂರಾಯಿತು, ಗಡುವಿನ ಚಿಂತೆ ಇನ್ನಿಲ್ಲ ಎಂದು ಗಂಗಾಲಕ್ಷ್ಮಿ ರಸೀದಿ ಕೊಟ್ಟರು. ಅದನ್ನು ಹಿಡಿದು ಕಾಂತರಾಜ್ ಬಂದ ದಾರಿಯಲ್ಲೇ ವಾಪಸಾದರು. ಐದೂವರೆಗೆ ಹುಳು ಮನೆ ತಲುಪಿ ಅಲ್ಲಿಂದ ಹೆಂಡತಿಗೆ ಫೋನ್ ಮಾಡಿದರು. ಅಷ್ಟು ಹೊತ್ತಿಗೆ ಆ ದಿನದ ಇನ್ನೂರ ಎಂಬತ್ತು ಗಾಜು ಮುಗಿದು ಸಹಿ ಬಿದ್ದಿತ್ತು.

ಸೋಮವಾರ ಆಡಿದ ಮಾತಿನ ಬಗ್ಗೆ ಕಾಂತರಾಜ್ ಏನಾದರೂ ಹೇಳಿದರೇ ಎಂದು ಕೇಳಿದರೆ ಶೋಭಾರಾಣಿ ಇಲ್ಲ ಎನ್ನುತ್ತಾರೆ. ಹುಳು ಎರಡನೇ ಜ್ವರದಿಂದ ಎದ್ದಿದೆ, ಚೆನ್ನಾಗಿ ಮೇಯುತ್ತಿದೆ, ಯಾರು ನೋಡಿ ಕಳಿಸಿದ ಮೊಟ್ಟೆಯೋ ಏನೋ ಎಂದರಂತೆ. ಅಷ್ಟು ಹೇಳಿ ಫೋನ್ ಇಟ್ಟರಂತೆ.

ಕೆಎ-07ರ ಹಲಗೆ ಗಾಡಿಗೆ ಬಿದ್ದು ಈಗ ಎರಡು ತಿಂಗಳು. ಮೇಘನಳ ಪರೀಕ್ಷೆಗೆ ಅಪ್ಪನೇ ಬಿಟ್ಟು ಬಂದದ್ದು. ಶೋಭಾರಾಣಿಯ ಆತಂಕ ಮಾತ್ರ ಮುಗಿದಿಲ್ಲ. ಈ ವರ್ಷದ ವರ್ಗಾವಣೆ ಪಟ್ಟಿ ಇನ್ನೂ ಬಂದಿಲ್ಲ. ಕಾಂತರಾಜ್ ಹೊರಗೆ ಹೋದ ಹೊತ್ತಿಗೆ ಫೋನ್ ಎತ್ತದಿದ್ದರೆ ಈಗಲೂ ಅವರಿಗೆ ಲಾರಿಯೇ ಕಣ್ಣ ಮುಂದೆ ಬರುತ್ತದೆ. ಕರ್ನಾಟಕದೊಳಗೆ ಎಲ್ಲಾದರೂ ಹಾಕಿ ಎಂದು ಬರೆದುಕೊಟ್ಟ ಮನವಿ ಮೂರನೆಯದು. ಅದು ಆಗುತ್ತದೆಂಬ ನಂಬಿಕೆ ಅವರಿಗೆ ಅಷ್ಟಾಗಿ ಇಲ್ಲ.

ಬೇರೆ ಏನು ಆಸೆ ಎಂದರೆ ಸಣ್ಣದೊಂದಿದೆ. ಗಾಡಿಯ ಮೇಲೆ ಗಂಡನ ಹಿಂದೆ ಅವರು ಇನ್ನೂ ಕೂತಿಲ್ಲ. ರಜೆ ಸಿಕ್ಕಾಗ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಾಗಿರುತ್ತದೆ, ಹುಳುವಿನ ಕೆಲಸ ಮುಗಿದಾಗ ಇಲ್ಲಿ ಚಿಟ್ಟೆ ಬರುತ್ತಿರುತ್ತದೆ.

“ಒಂದಿನ ಅವ್ರು ಓಡಿಸ್ಬೇಕು, ನಾನು ಹಿಂದೆ ಕೂತ್ಕೋಬೇಕು. ಮುಳಬಾಗಿಲು ತನಕ ಹೋಗಿ ಬರೋದು, ಅಷ್ಟೆ,” ಎನ್ನುತ್ತ ಮುಂದಿನ ಗಾಜನ್ನು ಮೈಕ್ರೋಸ್ಕೋಪಿನ ಕೆಳಗೆ ಸರಿಸುತ್ತಾರೆ. “ಅಲ್ಲಿ ನಮಗೇನೂ ಕೆಲ್ಸ ಇರ್ಬಾರ್ದು.”